ವೈದ್ಯಕಾವ್ಯಗಳ ಟಿಪ್ಪಣಿಯೂ ವೈದ್ಯಕೋಶಗಳ ಶೋಧನಕ್ರಮವೂ

೧

ನಮ್ಮ ಪ್ರಾಚೀನ ವೈದ್ಯಗ್ರಂಥಗಳಿಗೆ ಈಚೆಗೆ ಬರೆಯಲ್ಪಡುವ ಟಿಪ್ಪಣಿಗಳಲ್ಲಿ ಒಂದು ವಾಕ್ಯವು ಪದೇ ಪದೇ ಕಾಣಿಸಿಕೊಳ್ಳುತ್ತಿದೆ. "ಈ ಮೂಲಿಕೆಯ ಗುಣವು ಆಧುನಿಕ ಸಂಶೋಧನೆಯಿಂದಲೂ ಸಿದ್ಧವಾಗಿದೆ" ಎಂಬುದೇ ಆ ವಾಕ್ಯ. ಯಾವ ಸಂಶೋಧನೆ, ಯಾರ ಮೇಲೆ ನಡೆದುದು, ಅದನ್ನು ಟಿಪ್ಪಣಿಕಾರರು ಎಲ್ಲಿ, ಹೇಗೆ ಹುಡುಕಿದರು, ಅದಕ್ಕೆ ವಿರುದ್ಧವಾದುದೇನಾದರೂ ಕಣ್ಣಿಗೆ ಬಿದ್ದಿತೆ, ಈ ಪ್ರಶ್ನೆಗಳಿಗೆ ಆ ಟಿಪ್ಪಣಿಗಳಲ್ಲಿ ಉತ್ತರವಿರುವುದಿಲ್ಲ. ಪಾಠಾಂತರವೊಂದನ್ನು ಕೊಡುವಾಗ ಯಾವ ಓಲೆಯ ಪ್ರತಿ, ಎಷ್ಟನೆಯ ಗರಿ ಎಂದು ತಪ್ಪದೆ ಹೇಳುವ ವಿದ್ವಾಂಸರೇ ಪ್ರಾಣಕ್ಕೆ ಸಂಬಂಧಪಟ್ಟ ಈ ವಿಷಯದಲ್ಲಿ ಮಾತ್ರ ಯಾವ ಆಧಾರವನ್ನೂ ಹೇಳದೆ ಮುಂದಕ್ಕೆ ಸಾಗುತ್ತಾರೆ. ಈ ದೋಷವನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಮರ್ಶೆಗೆ ಗುರಿಯಾದ ಮೊದಲನೆಯ ಟಿಪ್ಪಣಿಕಾರನು ಈ ಲೇಖಕನೇ ಆದುದರಿಂದ ವಾಚಕರು ಯಾರ ಪರವಾಗಿಯೂ ನೊಂದುಕೊಳ್ಳಬೇಕಾದುದಿಲ್ಲ.

ಕಳೆದ ಮಳೆಗಾಲದಲ್ಲಿ ಮುಂಡರಗಿಯ ಒಂದು ಸಾಹಿತ್ಯಗೋಷ್ಠಿಯಲ್ಲಿ ಮಂಗರಾಜನ ಖಗೇಂದ್ರಮಣಿದರ್ಪಣವನ್ನು ಕುರಿತು ಉಪನ್ಯಾಸ ಮಾಡುವ ಪ್ರಸಂಗ ನನಗೊದಗಿತು. ಕ್ರಿ. ಶ. 1360ರ ಸುಮಾರಿನವನಾದ ಈ ಜೈನಕವಿಯು ಸ್ಥಾವರ ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಹದಿನಾರು ಅಧಿಕಾರಗಳಲ್ಲಿ ನಿರೂಪಿಸಿದ್ದಾನೆಂಬುದು ಅಧ್ಯಾಪಕರೆಲ್ಲರಿಗೂ ತಿಳಿದುದೇ. ಮದರಾಸು ವಿಶ್ವವಿದ್ಯಾನಿಲಯವು 1942ರಲ್ಲಿ ಇದನ್ನು ಪ್ರಕಟಿಸಿತು. ಉಪನ್ಯಾಸದ ಮಧ್ಯದಲ್ಲಿ ನಮ್ಮ ನಾಡಿನ ವಿಷಹರ ಮೂಲಿಕೆಗಳ ಪ್ರಸ್ತಾಪ ಬಂದು, ಜನರಲ್ಲಿ ಪ್ರಸಿದ್ಧವಾದ ಈಶ್ವರಿಬಳ್ಳಿಯ ಬೇರನ್ನು ಉದಾಹರಿಸಿ, ಅದು ಸರ್ಪವಿಷವನ್ನು ತಡೆಯುವುದೆಂಬುದು ಆಧುನಿಕ ಸಂಶೋಧನೆಯಿಂದಲೂ ಸಿದ್ಧವಾಗಿದೆ ಎಂದು ಧೈರ್ಯವಾಗಿ ಹೇಳಿದೆನು. ಹಿಂದಿನ ರಾತ್ರಿ ಗಣಕಯಂತ್ರದಲ್ಲಿ ಎರಡು ಶಬ್ದಗಳನ್ನು ಬರೆದು ಹುಡುಕಿದ್ದೆ. ಮೊದಲು ಕಂಡ ಲೇಖನದ ಶೀರ್ಷಿಕೆಯು ನನ್ನ ಮನಸ್ಸಿಗೆ ಒಪ್ಪಿತ್ತು. ಅಷ್ಟೇ ನನ್ನ ಪ್ರಮಾಣ.

ಸಭೆ ಮುಗಿದ ಮೇಲೆ ಕಪ್ಪತಗುಡ್ಡದ ಅಡಿಯ ಒಂದು ಹಳ್ಳಿಯಿಂದ ಬಂದಿದ್ದ ವೃದ್ಧ ರೈತರೊಬ್ಬರು ಹತ್ತಿರ ಬಂದು, "ಪಂಡಿತ್ರ, ಹಂಗಾದ್ರ ಹಾವು ಕಡದಾಗ ದವಾಖಾನಿಗೆ ಹೋಗೂದು ಬ್ಯಾಡ ಅಂತೀರೇನ್ರಿ?" ಎಂದು ಕೇಳಿದರು. ಹಾಗಲ್ಲ, ಆಸ್ಪತ್ರೆಗೇ ಹೋಗಬೇಕೆಂದು ನಾನು ಗಾಬರಿಯಿಂದ ಉತ್ತರಿಸಿದೆ. "ಮತ್ತ ಬೇರು ಸಿದ್ಧ ಆಗೇತಿ ಅಂದ್ರಲ್ಲ?" ಎಂದರು. ಅವರ ಪ್ರಶ್ನೆಯಲ್ಲಿ ದೋಷವಿರಲಿಲ್ಲ. ನನ್ನ ವಾಕ್ಯದಲ್ಲಿ ಇದ್ದಿತು. ಸಭೆಯಲ್ಲಿ ಹೇಳಿದುದು ನಿಜವಾದರೆ ಅವರಿಗೆ ಹೇಳಿದುದು ಅನಾವಶ್ಯಕ. ಅವರಿಗೆ ಹೇಳಿದುದು ನಿಜವಾದರೆ ಸಭೆಯಲ್ಲಿ ಹೇಳಿದುದು ಅಸತ್ಯ. ಈ ವ್ಯಾಘಾತದಿಂದ ಬಿಡಿಸಿಕೊಳ್ಳಲು ಹೊರಟುದರ ಫಲವೇ ಮುಂದಿನ ವಿಚಾರ.

೨

ಮೊದಲು ಕೋಶದ ಸ್ವರೂಪವನ್ನು ತಿಳಿಯಬೇಕು. ವೈದ್ಯಸಂಶೋಧನ ಲೇಖನಗಳಿಗೆ ಲೋಕದಲ್ಲೆಲ್ಲ ಪ್ರಸಿದ್ಧವಾದ ಸೂಚಿಯು ಅಮೆರಿಕದಲ್ಲಿ 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಎಂಬ ವೈದ್ಯಗ್ರಂಥಪಾಲಕನ ಪ್ರಯತ್ನದಿಂದ 'ಇಂಡೆಕ್ಸ್ ಮೆಡಿಕಸ್' ಎಂಬ ಹೆಸರಿನಿಂದ ಹೊರಟಿತು. ಅದರ ವಂಶದಲ್ಲಿ ಹುಟ್ಟಿದ 'ಮೆಡ್‌ಲೈನ್' 1971ರಲ್ಲಿ ದೂರಸಂಪರ್ಕದ ಮೂಲಕ ದೊರೆಯತೊಡಗಿತು. 'ಪಬ್‌ಮೆಡ್' 1996ರಲ್ಲಿ ಆರಂಭವಾಗಿ ಮರುವರ್ಷ ಎಲ್ಲರಿಗೂ ಮುಕ್ತವಾಯಿತು. ಇಂದು ಅದರಲ್ಲಿ 3 ಕೋಟಿ 70 ಲಕ್ಷಕ್ಕೂ ಮಿಕ್ಕ ಲೇಖನಗಳ ಉಲ್ಲೇಖಗಳುಂಟು. ಗದಗು-ಬೆಟಗೇರಿಯ ಒಂದು ಮನೆಯಲ್ಲಿ ಕುಳಿತವನಿಗೂ ಪ್ಯಾರಿಸ್ಸಿನ ಆಚಾರ್ಯನಿಗೂ ಅದು ಸಮಾನವಾಗಿ ತೆರೆದಿದೆ. ಆದರೆ ತೆರೆದ ಬಾಗಿಲೇ ಮಾರ್ಗದರ್ಶನವಲ್ಲ. ಇಷ್ಟು ದೊಡ್ಡ ಭಂಡಾರದಲ್ಲಿ ಮೊದಲು ಕೈಗೆ ಸಿಕ್ಕುದನ್ನು ಹಿಡಿದುಕೊಂಡು ಬರುವವನು ತನಗೆ ಬೇಕಾದುದನ್ನು ತರುವನೇ ಹೊರತು ಅಲ್ಲಿ ಇರುವುದನ್ನು ತರುವುದಿಲ್ಲ.

ಈ ಕೋಶದ ಅಂತರಂಗದಲ್ಲಿ ಇನ್ನೊಂದು ಕೋಶವಿದೆ. 1960ರಿಂದ ಪ್ರಚಾರದಲ್ಲಿರುವ ಅದಕ್ಕೆ 'ಮೆಶ್' ಎಂದು ಹೆಸರು. ಒಂದೊಂದು ವಿಷಯಕ್ಕೆ ಒಂದೊಂದು ನಿಯತವಾದ ಶಬ್ದವನ್ನು ಗೊತ್ತುಮಾಡಿ, ಪರ್ಯಾಯ ಶಬ್ದಗಳನ್ನೆಲ್ಲ ಅದರ ಕೆಳಗೆ ತಂದು, ಆ ನಿಯತ ಶಬ್ದಗಳನ್ನು ವೃಕ್ಷದ ಕೊಂಬೆಗಳಂತೆ ಸಾಮಾನ್ಯದಿಂದ ವಿಶೇಷಕ್ಕೆ ಇಳಿಸಿರುವುದು ಅದರ ಕ್ರಮ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇದು ಪರಕೀಯವೆನಿಸಲಾರದು. ಅಮರಸಿಂಹನು ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸದೆ ವನೌಷಧಿವರ್ಗ, ಮನುಷ್ಯವರ್ಗ ಎಂದು ಅರ್ಥವನ್ನನುಸರಿಸಿ ವಿಭಾಗಿಸಿದನು; ಒಂದು ಪದಾರ್ಥದ ಪರ್ಯಾಯಗಳನ್ನು ಒಂದೆಡೆ ತಂದನು; ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವೆಡೆಯನ್ನು ನಾನಾರ್ಥವರ್ಗದಲ್ಲಿ ಬೇರೆಯಾಗಿ ಇರಿಸಿದನು. ಮೆಶ್ ಎಂಬುದೂ ಪರ್ಯಾಯ ಮತ್ತು ನಾನಾರ್ಥಗಳೆಂಬ ಇವೇ ಎರಡು ತೊಡಕುಗಳಿಗೆ ಹುಟ್ಟಿದ ಪರಿಹಾರ.

ಸಾಮ್ಯವನ್ನು ಹೇಳಿದ ಬಳಿಕ ಭೇದವನ್ನೂ ಹೇಳತಕ್ಕದ್ದು. ಅಮರನಲ್ಲಿ ಪರ್ಯಾಯಗಳೆಲ್ಲ ಸಮಾನಾಸನದಲ್ಲಿವೆ. ಕವಿಯು ಛಂದಸ್ಸಿಗೆ ಒಗ್ಗಿದುದನ್ನು ಆರಿಸಿಕೊಳ್ಳುತ್ತಾನೆ. ಮೆಶ್‌ನಲ್ಲಿ ಒಂದಕ್ಕೆ ಮಾತ್ರ ಪಟ್ಟಾಭಿಷೇಕ, ಉಳಿದವು ಅದರ ಪರಿವಾರ. ಹಾವಿನ ಕಡಿತಕ್ಕೆ 'ಸ್ನೇಕ್ ಬೈಟ್ಸ್' ಎಂಬುದು ನಿಯತ ಶಬ್ದ, ಪ್ರತಿವಿಷಕ್ಕೆ 'ಆಂಟಿವೆನಿನ್ಸ್'. ಆಯುರ್ವೇದವೂ ಅಲ್ಲಿ 'ಮೆಡಿಸಿನ್, ಆಯುರ್ವೇದಿಕ್' ಎಂದು ವಿಶೇಷಣವನ್ನು ಹಿಂದೆ ಮಾಡಿಕೊಂಡು ನಿಂತಿದೆ. ವರ್ಗದ ಹೆಸರಿನಿಂದ ಹುಡುಕಿದರೆ ಕೆಳಗಿನ ಕೊಂಬೆಗಳೂ ಕೂಡಿ ಬರುತ್ತವೆ. 'ಎಲಾಪಿಡೀ' ಎಂದು ಕೇಳಿದವನಿಗೆ ನಾಗರಹಾವೂ ಕಟ್ಟಿಗೆಹಾವೂ ಒಟ್ಟಿಗೆ ದೊರೆಯುವುವು. 'ವೈಪರಿಡೀ' ಎಂದು ಕೇಳಿದವನಿಗೆ ಮಂಡಲದ ಹಾವುಗಳು. ಸುಶ್ರುತನು ದರ್ವೀಕರ, ಮಂಡಲಿ, ರಾಜಿಮಂತ ಎಂದು ಸರ್ಪಗಳನ್ನು ವಿಂಗಡಿಸಿದುದೂ ಇಂತಹದೇ ಸೌಕರ್ಯಕ್ಕಾಗಿ.

ಆದರೆ ಈ ಪಟ್ಟಾಭಿಷಿಕ್ತ ಶಬ್ದವೊಂದನ್ನೇ ನಂಬುವಂತೆಯೂ ಇಲ್ಲ. ಪಬ್‌ಮೆಡ್ಡಿನಲ್ಲಿರುವ ಎಲ್ಲ ಲೇಖನಗಳೂ ಮೆಡ್‌ಲೈನಿಗೆ ಸೇರಿದವಲ್ಲ. ಸೇರದವುಗಳಿಗೆ ಈ ವಿಷಯಮುದ್ರೆ ಬಿದ್ದಿರುವುದಿಲ್ಲ. ನಮ್ಮ ದೇಶದ ಎಷ್ಟೋ ಪತ್ರಿಕೆಗಳ ಲೇಖನಗಳು ಇಂತಹವು. ಆದಕಾರಣ ನಿಯತ ಶಬ್ದದೊಡನೆ ಲೇಖಕರು ಸಹಜವಾಗಿ ಬಳಸುವ ಶಬ್ದಗಳನ್ನೂ ಕೂಡಿಸಿಯೇ ಹುಡುಕಬೇಕು. ಇದು ಶೋಧನದ ಮೊದಲನೆಯ ನಿಯಮ.

೩

ಸುಶ್ರುತಸಂಹಿತೆಯ ಉತ್ತರತಂತ್ರದ ಕೊನೆಯಲ್ಲಿ ಮೂವತ್ತೆರಡು ತಂತ್ರಯುಕ್ತಿಗಳು ಹೇಳಲ್ಪಟ್ಟಿವೆ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಅವು ಮೂವತ್ತಾರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮೂವತ್ತೆರಡು. ಶಾಸ್ತ್ರವನ್ನು ರಚಿಸುವವನಿಗೂ ಓದುವವನಿಗೂ ಇವು ಕೀಲಿಕೈಗಳು. ಅವುಗಳಲ್ಲಿ ನಾಲ್ಕನ್ನು ಬಲ್ಲವನು ಗಣಕಕೋಶದ ಶೋಧನಕ್ರಮವನ್ನು ಅರ್ಧ ಬಲ್ಲವನೇ ಸರಿ. ಸ್ವಸಂಜ್ಞಾ, ವಿಕಲ್ಪ, ಸಮುಚ್ಚಯ, ಅಪವರ್ಗ ಎಂಬುವೇ ಆ ನಾಲ್ಕು.

ಸ್ವಸಂಜ್ಞೆಯೆಂದರೆ ಒಂದು ಶಾಸ್ತ್ರವು ತನ್ನೊಳಗಿನ ವ್ಯವಹಾರಕ್ಕಾಗಿ ಗೊತ್ತುಮಾಡಿಕೊಂಡ ಹೆಸರು. ಮೇಲೆ ವಿವರಿಸಿದ ನಿಯತ ಶಬ್ದವೇ ಇದು.

ವಿಕಲ್ಪವೆಂದರೆ ಇದು ಅಥವಾ ಅದು. ಕೋಶದಲ್ಲಿ ಇದಕ್ಕೆ 'ಆರ್' ಎಂಬ ಶಬ್ದ. ಒಂದು ಪದಾರ್ಥದ ಪರ್ಯಾಯಗಳನ್ನೆಲ್ಲ ವಿಕಲ್ಪದಿಂದ ಪೋಣಿಸಬೇಕು. ಇದರಿಂದ ಫಲ ಹಿಗ್ಗುತ್ತದೆ.

ಸಮುಚ್ಚಯಕ್ಕೆ ಕೋಶದಲ್ಲಿ 'ಆ್ಯಂಡ್'. ಇಲ್ಲಿ ನಮ್ಮವರು ಎಡವುವುದುಂಟು. "ರಾಮನೂ ಲಕ್ಷ್ಮಣನೂ ಬಂದರು" ಎಂದರೆ ಬಂದವರ ಸಂಖ್ಯೆ ಹೆಚ್ಚಿತು. ಶಾಸ್ತ್ರದ ಸಮುಚ್ಚಯದಲ್ಲಿಯೂ ಇದೂ ಅದೂ ಎಂದು ಪಟ್ಟಿ ಬೆಳೆಯುವುದು. ಕೋಶದ ಸಮುಚ್ಚಯವಾದರೋ ಎರಡೂ ಒಂದೇ ಲೇಖನದಲ್ಲಿರಬೇಕೆಂಬ ನಿರ್ಬಂಧ. ಅದರಿಂದ ಫಲ ಕುಗ್ಗುತ್ತದೆ. ಲೋಕದ ಮಾತಿನಲ್ಲಿ ಕೂಡಿಸುವ ಪ್ರತ್ಯಯವು ಕೋಶದಲ್ಲಿ ಸೋಸುವ ಜರಡಿಯಾಗುತ್ತದೆ. ಇದನ್ನು ತಿಳಿಯದೆ ಪರ್ಯಾಯಗಳನ್ನೆಲ್ಲ ಸಮುಚ್ಚಯದಿಂದ ಸೇರಿಸಿದವನು ಏನೂ ದೊರೆಯಲಿಲ್ಲವೆಂದು ಹಿಂದಿರುಗುತ್ತಾನೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸುವಾಗ ಆವರಣ ಚಿಹ್ನೆ ಅವಶ್ಯ. ಏಕೆಂದರೆ ಪಬ್‌ಮೆಡ್ಡು ಎಡದಿಂದ ಬಲಕ್ಕೆ ಕ್ರಮವಾಗಿ ಅನ್ವಯಿಸಿಕೊಂಡು ಹೋಗುವುದೇ ಹೊರತು ನಮ್ಮ ಅಭಿಪ್ರಾಯವನ್ನು ಊಹಿಸುವುದಿಲ್ಲ. ಸಮಾಸದಲ್ಲಿ ವಿಗ್ರಹವಾಕ್ಯವನ್ನು ತಪ್ಪಿ ಬಿಡಿಸಿದಂತೆ ಅರ್ಥವೇ ಬೇರೆಯಾಗುವುದು.

ಅಪವರ್ಗವೆಂದರೆ ವ್ಯಾಪಕವಾಗಿ ಹೇಳಿ ಒಂದನ್ನು ಹೊರತುಮಾಡುವುದು. ಸುಶ್ರುತನು ಇದಕ್ಕೆ ಕೊಟ್ಟ ಉದಾಹರಣೆಯೇ ವಿಷಪ್ರಕರಣದ್ದು: ವಿಷಪೀಡಿತರಿಗೆ ಬೆವರಿಳಿಸುವ ಚಿಕಿತ್ಸೆ ಸಲ್ಲದು, ಕೀಟವಿಷವೊಂದನ್ನುಳಿದು, ಎಂಬುದು ಅದರ ತಾತ್ಪರ್ಯ. ಕೋಶದಲ್ಲಿ ಇದು 'ನಾಟ್'. ಇದು ಅಲುಗುಳ್ಳ ಆಯುಧ. ಪ್ರಾಣಿಗಳ ಮೇಲಿನ ಪ್ರಯೋಗಗಳು ಬೇಡವೆಂದು 'ಇಲಿ' ಎಂಬುದನ್ನು ಹೊರತುಮಾಡಿದರೆ, ಇಲಿಯನ್ನೂ ಮನುಷ್ಯನನ್ನೂ ಒಟ್ಟಿಗೆ ಪ್ರಸ್ತಾಪಿಸಿದ ಉತ್ತಮ ಲೇಖನಗಳೂ ಕೊಚ್ಚಿಹೋಗುವುವು. ಮನುಷ್ಯರ ಪ್ರಸ್ತಾಪವಿಲ್ಲದೆ ಪ್ರಾಣಿಗಳ ಪ್ರಸ್ತಾಪ ಮಾತ್ರವಿರುವುದನ್ನೇ ಬಿಡಬೇಕೆಂದು ಅಪವಾದಕ್ಕೂ ಅಪವಾದವನ್ನು ಹೇಳಬೇಕಾಗುತ್ತದೆ.

ಇವೆಲ್ಲಕ್ಕೂ ಮುಂಚೆ ಪ್ರಶ್ನೆಯೇ ಸ್ಪಷ್ಟವಾಗಿರಬೇಕು. ಯಾವ ರೋಗಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲವನ್ನು ಕುರಿತು, ಎಂಬ ನಾಲ್ಕು ಅಂಗಗಳನ್ನು ಈಚಿನ ವೈದ್ಯರು ಹೇಳುತ್ತಾರೆ. ನಾನು ಆ ರಾತ್ರಿ ಬರೆದುದು ಈಶ್ವರಿಬಳ್ಳಿಯ ಲ್ಯಾಟಿನ್ ನಾಮವಾದ 'ಅರಿಸ್ಟೊಲೋಕಿಯಾ ಇಂಡಿಕಾ', ಅದರೊಡನೆ 'ವಿಷ' ಎಂಬುದರ ಇಂಗ್ಲಿಷ್ ಶಬ್ದ, ಇಷ್ಟೇ. ರೋಗಿಯೆಲ್ಲಿ? ಹೋಲಿಕೆಯೆಲ್ಲಿ? ಫಲವೆಲ್ಲಿ? ನನ್ನ ಪ್ರಶ್ನೆಯು ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೊರಟಿತ್ತು.

೪

ಮನೆಗೆ ಬಂದವನು ವೈದ್ಯವಿದ್ಯೆಯನ್ನು ಓದುತ್ತಿರುವ ನನ್ನ ತಂಗಿಯ ಮಗಳನ್ನು ಕೂಡಿಸಿಕೊಂಡು ಮತ್ತೆ ಹುಡುಕಿದೆನು. ಮೊದಲಿನ ಲೇಖನವನ್ನು ಪೂರ್ತಿಯಾಗಿ ಓದಿ ಆಕೆ, "ಮಾಮಾ, ಇದು ಇಲಿ ಮ್ಯಾಲಿನ ಪ್ರಯೋಗ, ಮನಶ್ಯಾರ ಮ್ಯಾಲಿಂದಲ್ಲ" ಎಂದಳು. ಅನಂತರ ಆಕೆ ಇನ್ನೊಂದು ಸಾಲನ್ನು ಬರೆದಳು: ಅದೇ ಬಳ್ಳಿಯ ಹೆಸರಿಗೆ 'ಮೂತ್ರಪಿಂಡ', 'ಅರ್ಬುದ' ಎಂಬವುಗಳ ಇಂಗ್ಲಿಷ್ ಶಬ್ದಗಳನ್ನು ಸಮುಚ್ಚಯದಿಂದ ಜೋಡಿಸಿದಳು. ಗುಣವನ್ನು ಹುಡುಕಿದವನು ದೋಷವನ್ನೂ ಹುಡುಕಬೇಕೆಂಬ ಈ ಒಂದು ಸಾಲು ನನಗೆ ತೋಚಿರಲೇ ಇಲ್ಲ.

ಕಂಡುದನ್ನು ಕ್ರಮವಾಗಿ ಹೇಳುತ್ತೇನೆ. ಈಶ್ವರಿಬಳ್ಳಿಯ ಕುಲದ ಸಸ್ಯಗಳಲ್ಲಿ 'ಅರಿಸ್ಟೊಲೋಕಿಕ್ ಆಮ್ಲ'ವೆಂಬ ದ್ರವ್ಯವುಂಟು. ಕೊಳಕುಮಂಡಲದ ವಿಷದಲ್ಲಿರುವ ಒಂದು ಕಿಣ್ವವನ್ನು ಈ ಆಮ್ಲವು ತಡೆಯುವುದೆಂದು ಮೈಸೂರಿನ ಸಂಶೋಧಕರು 1987ರಲ್ಲಿ 'ಟಾಕ್ಸಿಕಾನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇದು ಪ್ರಯೋಗಶಾಲೆಯ ಸತ್ಯ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದೇ ಆಮ್ಲವು ಮನುಷ್ಯನ ಮೂತ್ರಪಿಂಡಗಳನ್ನು ಹಾಳುಮಾಡುವುದೆಂಬುದೂ ಸತ್ಯ. 1993ರಲ್ಲಿ ಬ್ರಸೆಲ್ಸ್ ನಗರದಿಂದ ಒಂದು ವರದಿ ಹೊರಟಿತು. ದೇಹವನ್ನು ಕೃಶಗೊಳಿಸುವುದಕ್ಕಾಗಿ ಚೀನಾ ಮೂಲಿಕೆಗಳ ಗುಳಿಗೆ ತೆಗೆದುಕೊಂಡ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುಹೋದ ವೃತ್ತಾಂತವದು. 'ಸ್ಟೆಫಾನಿಯಾ' ಎಂಬ ಸಸ್ಯವಿರಬೇಕಾದಲ್ಲಿ ಹೆಸರಿನ ಸಾಮ್ಯದಿಂದ 'ಅರಿಸ್ಟೊಲೋಕಿಯಾ' ಕುಲದ ಸಸ್ಯವು ಸೇರಿಹೋಗಿತ್ತು. ಈ ಕುಲದ ಸಸ್ಯಗಳುಳ್ಳ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲಿಯು 2002ರಲ್ಲಿ ಮನುಷ್ಯರಿಗೆ ನಿಶ್ಚಯವಾಗಿ ಅರ್ಬುದಕಾರಕವಾದ ಮೊದಲನೆಯ ವರ್ಗಕ್ಕೆ ಸೇರಿಸಿತು.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಕೊಳಕುಮಂಡಲದ ವಿಷವೇ ಮೂತ್ರಪಿಂಡಗಳನ್ನು ಕೆಡಿಸತಕ್ಕದ್ದು. ಅಂತಹ ರೋಗಿಗೆ ಮೂತ್ರಪಿಂಡಘಾತಕವಾದ ಬೇರನ್ನು ಅರೆದು ಕುಡಿಸಿದರೆ ಶತ್ರುವಿಗೆ ಬೆಂಬಲ ಕಳುಹಿಸಿದಂತಾಗುವುದು. ನನ್ನ "ಸಿದ್ಧವಾಗಿದೆ" ಎಂಬ ಪದದ ಹಿಂದೆ ಇಷ್ಟು ಅಡಗಿತ್ತು.

ಪ್ರಮಾಣಗಳಲ್ಲಿ ತಾರತಮ್ಯವಿದೆಯೆಂಬುದು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ಶ್ರುತಿ, ಲಿಂಗ, ವಾಕ್ಯಾದಿಗಳಲ್ಲಿ ಮುಂದುಮುಂದಿನದಕ್ಕೆ ದೌರ್ಬಲ್ಯವನ್ನು ಮೀಮಾಂಸಕರು ಹೇಳಿಯೇ ಇದ್ದಾರೆ. ಚಿಕಿತ್ಸೆಯ ವಿಚಾರದಲ್ಲಿ ಪರೀಕ್ಷಾನಾಳ, ಪ್ರಾಣಿ, ಒಬ್ಬ ರೋಗಿಯ ವೃತ್ತಾಂತ, ಎರಡು ಗುಂಪುಗಳನ್ನು ಯಾದೃಚ್ಛಿಕವಾಗಿ ವಿಭಾಗಿಸಿ ಹೋಲಿಸಿದ ಪರೀಕ್ಷೆ, ಅಂತಹ ಪರೀಕ್ಷೆಗಳನ್ನೆಲ್ಲ ಕಲೆಹಾಕಿದ ಸಮಾಲೋಚನೆ, ಹೀಗೆ ಬಲವು ಏರುತ್ತ ಹೋಗುತ್ತದೆ. ಆರ್ಚೀ ಕಾಕ್ರನ್ ಎಂಬ ವೈದ್ಯನು 1972ರ ತನ್ನ ಗ್ರಂಥದಲ್ಲಿ ಇಂತಹ ಪರೀಕ್ಷೆಗಳ ಆವಶ್ಯಕತೆಯನ್ನು ಪ್ರತಿಪಾದಿಸಿದನು. ಅವನ ಹೆಸರಿನ ಸಂಸ್ಥೆಯು 1993ರಲ್ಲಿ ಸ್ಥಾಪಿತವಾಗಿ ಸಮಾಲೋಚನೆಗಳನ್ನು ಪ್ರಕಟಿಸುತ್ತಿದೆ. ನಮ್ಮ ದೇಶದಲ್ಲಿ 2007ರಿಂದ ಚಿಕಿತ್ಸಾಪರೀಕ್ಷೆಗಳ ನೋಂದಣಿಕೋಶವೊಂದಿದೆ. ಆರಂಭಿಸಿದ ಪರೀಕ್ಷೆಗಳಾವುವು ಎಂಬುದನ್ನು ಅಲ್ಲಿ ನೋಡಿ, ಪ್ರಕಟವಾಗದೆ ಉಳಿದವುಗಳನ್ನು ಊಹಿಸಬಹುದು. ಪ್ರಕಟವಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟ ಲೇಖನಗಳೂ ಉಂಟು. ಪಬ್‌ಮೆಡ್ಡು ಆ ಸೂಚನೆಯನ್ನು ಲೇಖನದ ಮೇಲೆಯೇ ತೋರಿಸುವುದರಿಂದ ಅದನ್ನು ನೋಡದೆ ಉದಾಹರಿಸಿದವನಿಗೆ ಕ್ಷಮೆಯಿಲ್ಲ.

೫

ಇನ್ನು ಹೆಸರುಗಳ ವಿಚಾರ. ಇದು ಸಾಹಿತ್ಯದ ಅಧ್ಯಾಪಕರಿಗೆ ಅತ್ಯಂತ ಸಮೀಪವಾದುದು. 'ಬ್ರಾಹ್ಮೀ' ಎಂದರೆ ಕೆಲವರಿಗೆ 'ಬಕೋಪಾ', ಕೆಲವರಿಗೆ ನಮ್ಮ ಒಂದೆಲಗವಾದ 'ಸೆಂಟೆಲ್ಲಾ'. 'ಶಂಖಪುಷ್ಪೀ' ಎಂಬ ಹೆಸರಿನಿಂದ ಮೂರು ನಾಲ್ಕು ಬೇರೆ ಬೇರೆ ಸಸ್ಯಗಳು ಬಳಕೆಯಲ್ಲಿವೆ. ಲಕ್ಷ್ಮೇಶ್ವರವು ಪುಲಿಗೆರೆಯೆಂಬ ಹೆಸರಿನಿಂದ ತಿರುಳ್ಗನ್ನಡಕ್ಕೆ ಪ್ರಸಿದ್ಧವಾದುದು ನಮಗೆಲ್ಲ ಹೆಮ್ಮೆಯ ವಿಷಯ; ಆದರೆ ಗಿಡದ ಹೆಸರು ಊರಿನಿಂದೂರಿಗೆ ಮಾರ್ಪಡುವುದನ್ನು ಆ ಹೆಮ್ಮೆಯು ತಡೆಯಲಾರದು. ಟಿಪ್ಪಣಿಕಾರನು ನಿಘಂಟಿನಲ್ಲಿ ಮೊದಲು ಕಂಡ ಲ್ಯಾಟಿನ್ ಹೆಸರನ್ನು ತೆಗೆದುಕೊಂಡು ಕೋಶದಲ್ಲಿ ಹುಡುಕಿದರೆ, ಮಂಗರಾಜನು ಹೇಳಿದ ಗಿಡ ಒಂದು, ಸಂಶೋಧಕನು ಪರೀಕ್ಷಿಸಿದ ಗಿಡ ಮತ್ತೊಂದು ಆಗುವ ಸಂಭವವಿದೆ. ಬ್ರಸೆಲ್ಸಿನ ಅನರ್ಥವು ಇಂತಹ ನಾಮಭ್ರಾಂತಿಯಿಂದಲೇ ಆದುದು. ಲ್ಯಾಟಿನ್ ಹೆಸರುಗಳಾದರೂ ಸ್ಥಿರವೆಂದು ಭಾವಿಸಬಾರದು. ಸಸ್ಯಶಾಸ್ತ್ರಜ್ಞರು ಅವನ್ನೂ ಬದಲಾಯಿಸುತ್ತಾರೆ. ಹಳೆಯ ಹೆಸರು ಹೊಸ ಹೆಸರುಗಳೆರಡನ್ನೂ ವಿಕಲ್ಪದಿಂದ ಸೇರಿಸಬೇಕು. ಸಂಸ್ಕೃತ ಶಬ್ದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ 'ಅಶ್ವಗಂಧಾ' ಎಂಬುದೊಂದೇ ಮೂರು ನಾಲ್ಕು ವೇಷಗಳನ್ನು ಧರಿಸುವುದು, ಅವೆಲ್ಲವನ್ನೂ ಕರೆಯಬೇಕು. ಶಬ್ದದ ಕೊನೆಗೆ ನಕ್ಷತ್ರಚಿಹ್ನೆಯನ್ನಿಟ್ಟರೆ ಪ್ರತ್ಯಯಭೇದಗಳೆಲ್ಲ ಬರುವುವೆಂಬುದು ನಿಜ. ಆದರೆ ಹಾಗೆ ಮಾಡಿದಾಗ ಪಬ್‌ಮೆಡ್ಡು ತಾನಾಗಿ ನಿಯತ ಶಬ್ದವನ್ನು ಹುಡುಕಿಕೊಡುವುದನ್ನು ನಿಲ್ಲಿಸುತ್ತದೆಂಬುದನ್ನು ಮರೆಯಬಾರದು.

ಹುಡುಕಿದೆ, ದೊರೆಯಲಿಲ್ಲ, ಆದುದರಿಂದ ಇಲ್ಲ, ಎಂಬ ಅನುಮಾನವನ್ನೂ ಪರೀಕ್ಷಿಸಬೇಕು. ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದ ಭಾಟ್ಟ ಮೀಮಾಂಸಕರು ಅದಕ್ಕೆ ಯೋಗ್ಯತೆಯೆಂಬ ಕಟ್ಟಳೆಯನ್ನು ವಿಧಿಸಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸಂದರ್ಭದಲ್ಲಿ ಮಾತ್ರ ಕಾಣದಿರುವುದು ಅಭಾವಕ್ಕೆ ಸಾಕ್ಷಿ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಲಾಗದು. ಇದಕ್ಕೆ ಲೋಕಪ್ರಸಿದ್ಧವಾದ ದೃಷ್ಟಾಂತವುಂಟು. ಗಾಯವನ್ನು ಮಾಯಿಸುವುದಕ್ಕೆ ಅರಿಸಿನವನ್ನು ಬಳಸುವುದು ಹೊಸ ಆವಿಷ್ಕಾರವೆಂದು 1995ರಲ್ಲಿ ಅಮೆರಿಕದಲ್ಲಿ ಏಕಸ್ವಾಮ್ಯದ ಪತ್ರವು ಕೊಡಲ್ಪಟ್ಟಿತು. ನಮ್ಮ ಮನೆಯ ಹೆಂಗಸರೆಲ್ಲ ಬಲ್ಲ ಸಂಗತಿಯು ಅಲ್ಲಿನ ಪರೀಕ್ಷಕರ ಕೋಶಕ್ಕೆ ಗೋಚರವಾಗಿರಲಿಲ್ಲ. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತು ಪ್ರಾಚೀನ ಲಿಖಿತಾಧಾರಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬಳಿಕ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಅಂಕೀಯ ಗ್ರಂಥಾಲಯವೆಂಬ ಕೋಶವು ಹುಟ್ಟಿತು. ಅಭಾವವನ್ನು ಹೇಳುವವನು ತನ್ನ ದೀಪದ ಬೆಳಕೆಷ್ಟೆಂಬುದನ್ನು ಮೊದಲು ಹೇಳತಕ್ಕದ್ದೆಂಬುದು ಇದರ ನೀತಿ.

೬

ಇಲ್ಲಿ ಪೂರ್ವಪಕ್ಷವೊಂದುಂಟು. ಕಾವ್ಯಶಾಸ್ತ್ರಗಳನ್ನು ಪಾಠ ಹೇಳುವವರಿಗೆ ಈ ವೈದ್ಯಕೋಶಗಳ ಗೊಡವೆ ಏಕೆ? ಖಗೇಂದ್ರಮಣಿದರ್ಪಣವನ್ನು ಕಾವ್ಯವೆಂದು ಓದಿ ಬಿಟ್ಟರೆ ಸಾಲದೆ? ಹೊಸ ಸಂಶೋಧನೆಯ ಒರೆಗಲ್ಲಿಗೆ ಹಚ್ಚುವುದು ಪ್ರಾಚೀನರಿಗೆ ಅಗೌರವವಲ್ಲವೆ?

ಉತ್ತರ: ಸುಮ್ಮನಿರಬಲ್ಲ ಟಿಪ್ಪಣಿಕಾರನಿಗೆ ಯಾವ ಗೊಡವೆಯೂ ಇಲ್ಲ. ಮಂಗರಾಜನ ಪದ್ಯಕ್ಕೆ ಅರ್ಥವನ್ನೂ ಛಂದಸ್ಸನ್ನೂ ಪಾಠಾಂತರವನ್ನೂ ಕೊಟ್ಟು ನಿಲ್ಲಿಸಿದವನನ್ನು ಯಾರೂ ಆಕ್ಷೇಪಿಸಲಾರರು. ಆದರೆ "ಸಿದ್ಧವಾಗಿದೆ" ಎಂಬ ಪದವನ್ನು ಬರೆದೊಡನೆ ಅವನು ಸಾಹಿತ್ಯದ ಸೀಮೆಯನ್ನು ದಾಟಿ ಚಿಕಿತ್ಸೆಯ ಸೀಮೆಗೆ ಕಾಲಿಟ್ಟನು. ಅಲ್ಲಿಯ ನಿಯಮಕ್ಕೆ ಅವನು ಬದ್ಧನು. ನಾನು ಸಭೆಯಲ್ಲಿ ಹೇಳಿದುದನ್ನು ಸಾಹಿತ್ಯದ ಮಾತೆಂದು ಆ ರೈತರು ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಅಗೌರವದ ಮಾತಂತೂ ನಿಲ್ಲದು. ಮಂಗರಾಜನು ತನಗಿಂತ ಹಿಂದಿನ ಪೂಜ್ಯಪಾದರ ವೈದ್ಯಗ್ರಂಥವನ್ನು ಆಧಾರವೆಂದು ಸ್ಮರಿಸಿದವನು. ತನ್ನ ಕಾಲಕ್ಕೆ ದೊರೆತುದನ್ನೆಲ್ಲ ಸಂಗ್ರಹಿಸಿ, ಮೂಲವನ್ನು ಹೆಸರಿಸಿ, ಕ್ರಮಪಡಿಸಿದನು. ಅವನಿಗೆ ನಾವು ಸಲ್ಲಿಸುವ ಗೌರವವು ಅವನ ಯೋಗಗಳನ್ನು ಇಂದು ರೋಗಿಗೆ ಕುಡಿಸುವುದರಲ್ಲಿ ಇಲ್ಲ. ಅವನ ಸಂಗ್ರಹಕ್ರಮವನ್ನು ಇಂದಿನ ಸಾಮಗ್ರಿಯಲ್ಲಿ ಅನುಸರಿಸುವುದರಲ್ಲಿದೆ. ಕಚ್ಚಿದೆಡೆಗೆ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಇವು ಪ್ರಾಚೀನ ವಿಷತಂತ್ರದಲ್ಲಿ ವಿಹಿತವಾದವು. ಇಂದಿನ ವೈದ್ಯಮಾರ್ಗದರ್ಶಿಗಳಲ್ಲಿ ಮೂರೂ ಅಪಾಯಕರವೆಂದು ನಿಷಿದ್ಧವಾದವು. ಇದನ್ನು ಹೇಳದೆ ಹಳೆಯ ಪದ್ಯಕ್ಕೆ ಅರ್ಥ ಮಾತ್ರ ಬರೆಯುವ ಸಂಪಾದಕನು ಗ್ರಂಥಕ್ಕೆ ನ್ಯಾಯವನ್ನೂ ಓದುಗನಿಗೆ ಅನ್ಯಾಯವನ್ನೂ ಮಾಡಿದಂತಾಗುವುದು.

ಇದು ಕೇವಲ ಪುಸ್ತಕದ ವಿವಾದವಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000, ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜುಮಾಡಿತು. ಅವರಲ್ಲಿ ಬಹುಮಂದಿ ಹಳ್ಳಿಯವರು. ಬಹುಮಂದಿ ಮಳೆಗಾಲದಲ್ಲಿ ಮಡಿದವರು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇದನ್ನು ಉಪೇಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರಕಾರವು 2024ರಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡತಕ್ಕ ವಿಷಯವೆಂದು ಘೋಷಿಸಿತು. ಶಿರಹಟ್ಟಿ, ಮುಂಡರಗಿಗಳ ಹೊಲಗಳಲ್ಲಿ ದುಡಿಯುವವರಿಗೆ ನಾಗರಹಾವು, ಕಟ್ಟಿಗೆಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕರ ವಿಷಕ್ಕೂ ಪ್ರತಿಯಾಗಿ ಕುದುರೆಯ ರಕ್ತದಿಂದ ಸಿದ್ಧಪಡಿಸಿದ ಚುಚ್ಚುಮದ್ದು ಇದೆ. ಅದು ಸಕಾಲಕ್ಕೆ ದೊರೆಯಬೇಕಾದರೆ ಬೇರನ್ನು ಅರೆಯುತ್ತ ಕಳೆಯುವ ಒಂದು ಗಳಿಗೆಯೂ ನಷ್ಟವೇ.

೭

ಕೊನೆಯದಾಗಿ ಎರಡು ಸೂಚನೆಗಳನ್ನು ವಿದ್ವಾಂಸರ ಮುಂದಿಡುತ್ತೇನೆ.

ಮೊದಲನೆಯದು: ವೈದ್ಯಗ್ರಂಥಗಳ ಟಿಪ್ಪಣಿಯಲ್ಲಿ ಆಧುನಿಕ ಸಂಶೋಧನೆಯನ್ನು ಉದಾಹರಿಸುವವರು ಓಲೆಯ ಪ್ರತಿಯನ್ನು ವರ್ಣಿಸುವ ನಿಷ್ಠೆಯಿಂದಲೇ ತಮ್ಮ ಶೋಧನವನ್ನೂ ವರ್ಣಿಸಲಿ. ಯಾವ ಕೋಶ, ಯಾವ ದಿನ, ಯಾವ ಶಬ್ದಗಳು, ಅವುಗಳನ್ನು ಹೇಗೆ ಜೋಡಿಸಿದುದು, ಎಷ್ಟು ದೊರೆತವು, ಎಷ್ಟನ್ನು ಏಕೆ ಬಿಟ್ಟುದು, ಉಳಿದವು ನಾಳದವೋ ಪ್ರಾಣಿಗಳವೋ ಮನುಷ್ಯರವೋ, ದೋಷವನ್ನು ಹುಡುಕಿದ ಸಾಲು ಯಾವುದು, ಇಷ್ಟನ್ನು ನಾಲ್ಕು ಪಂಕ್ತಿಗಳಲ್ಲಿ ಹೇಳಬಹುದು. ಹೇಳಲಾಗದಿದ್ದರೆ "ಸಿದ್ಧ" ಎಂಬ ಪದವನ್ನು ಬಿಡುವುದೇ ಮೇಲು.

ಎರಡನೆಯದು: ಕನ್ನಡ ವೈದ್ಯಗ್ರಂಥಗಳ ಮೂಲಿಕೆಗಳಿಗೆ ನಾಮಾನುಕ್ರಮಣಿಕೆಯೊಂದು ಆಗಬೇಕು. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಕೃತಿ, ಇವುಗಳಲ್ಲಿ ಬರುವ ಹೆಸರುಗಳಿಗೆ ಸಂಸ್ಕೃತ ಪರ್ಯಾಯ, ಇಂದಿನ ಊರುಗಳ ರೂಢಿನಾಮ, ಸಸ್ಯಶಾಸ್ತ್ರದ ಹೆಸರು ಇವನ್ನು ಎದುರೆದುರಾಗಿ ಬರೆದು, ಸಂದೇಹವಿರುವಲ್ಲಿ ಸಂದೇಹವೆಂದೇ ಗುರುತುಮಾಡಬೇಕು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡವು ಔಷಧಸಸ್ಯಗಳಿಗೆ ಹೆಸರಾದುದು. ಅದರ ಅಡಿಯ ಹಳ್ಳಿಗಳಲ್ಲಿ ಗಿಡಗಳನ್ನು ಹೆಸರಿಟ್ಟು ಕರೆಯಬಲ್ಲ ಹಿರಿಯರು ಇನ್ನೂ ಇದ್ದಾರೆ. ಭಾಷೆಯನ್ನು ಬಲ್ಲವರು ಸಸ್ಯವನ್ನು ಬಲ್ಲವರೊಡನೆ ಕೂಡಿ ಈ ಕಾರ್ಯವನ್ನು ಮಾಡಿದರೆ, ಲೋಕದ ಕೋಶಗಳಲ್ಲಿ ಹುಡುಕುವವರಿಗೆ ಕನ್ನಡದ ಭಂಡಾರಕ್ಕೂ ಒಂದು ಬಾಗಿಲಾಗುವುದು. ವೈದ್ಯರು ಮಾಡಲಾರದ, ನಾವು ಮಾತ್ರ ಮಾಡಬಹುದಾದ ಕೆಲಸವಿದು.

ನನ್ನ ಉಪನ್ಯಾಸದ ಪಾಠವು ಅಚ್ಚಿಗೆ ಹೋಗುವ ಮುನ್ನ ಈಶ್ವರಿಬಳ್ಳಿಯ ಟಿಪ್ಪಣಿಯನ್ನು ತಿದ್ದಿದೆನು. ಗುಡ್ಡದ ಅಡಿಯ ಆ ಹಳ್ಳಿಗೂ ಹೋಗಿ, ಹೇಳಿದುದು ತಪ್ಪೆಂದು ಆ ಹಿರಿಯರಿಗೆ ತಿಳಿಸಿ ಬಂದೆನು. ಅವರು ನಕ್ಕು, "ನಮಗ ಗೊತ್ತಿತ್ರಿ, ಆದ್ರ ಹುಡುಗೂರು ನಿಮ್ಮ ಮಾತು ನಂಬತಾರ" ಎಂದರು. ತಿದ್ದಿದ ಟಿಪ್ಪಣಿಯು ಹೀಗಿದೆ: "ಈಶ್ವರಿಬಳ್ಳಿ: ಸರ್ಪವಿಷಹರವೆಂದು ಜನರೂಢಿ. ವಿಷದ ಒಂದು ಕಿಣ್ವವನ್ನು ಇದರ ಆಮ್ಲವು ತಡೆಯುವುದೆಂಬುದು ಪ್ರಯೋಗಶಾಲೆಯಲ್ಲಿ ಕಂಡುದು. ಮನುಷ್ಯರಲ್ಲಿ ಇದು ಮೂತ್ರಪಿಂಡನಾಶಕ, ಅರ್ಬುದಕಾರಕ. ಸೇವನೆಗೆ ಯೋಗ್ಯವಲ್ಲ. ಹಾವು ಕಚ್ಚಿದವರನ್ನು ಧೈರ್ಯಹೇಳಿ, ಕಚ್ಚಿದ ಅವಯವವನ್ನು ಅಲುಗದಂತೆ ಇರಿಸಿ, ಕಟ್ಟದೆ ಕೊಯ್ಯದೆ, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು."